ಸೊಂಟನೋವಿಗೆ ನರ ಸುಡುವ ಚಿಕಿತ್ಸೆ

ಬಾವಿಯಿಂದ ಕೊಡವೆತ್ತುವಾಗ, ಅಂಗಳದಲ್ಲಿ ಅಡಕೆ ಹೆಕ್ಕುವಾಗ ಸೊಂಟ ಹಿಡಿದು ನಿಲ್ಲುವವರು ನಮ್ಮ ಮನೆಗಳಲ್ಲಿ ಅನೇಕರು. ತೈಲ, ಶಾಖ, ಮಾತ್ರೆಗಳಿಂದ ತಿಂಗಳುಗಟ್ಟಲೆ ಗುಣ ಕಾಣದವರಿಗೆ ವೈದ್ಯರು ಒಮ್ಮೊಮ್ಮೆ ನರ ಸುಡುವ ಚಿಕಿತ್ಸೆಯನ್ನು ಸೂಚಿಸುತ್ತಾರೆ. ಹೆಸರು ಕೇಳಿಯೇ ನಾವು ಬೆದರುತ್ತೇವೆ. ಕಾಲಿನ ಬಲವೇ ಹೋದೀತೆಂಬ ಶಂಕೆ. ಆದರೆ ಇಲ್ಲಿ ಸುಡುವುದು ಕಾಲನ್ನು ನಡೆಸುವ ನರವನ್ನಲ್ಲ, ಬೆನ್ನೆಲುಬಿನ ಹಿಂಬದಿಯ ಸಣ್ಣ ಕೀಲುಗಳಿಂದ ನೋವನ್ನು ಮಿದುಳಿನತ್ತ ಒಯ್ಯುವ ಕಿರುನರವನ್ನು.

ಮೊದಲು ಆ ನರದ ಬಳಿ ಮರಗಟ್ಟಿಸುವ ಔಷಧವನ್ನು ಚುಚ್ಚಿ ಪರೀಕ್ಷಿಸುತ್ತಾರೆ. ಕೆಲವು ಗಂಟೆಗಳ ಮಟ್ಟಿಗಾದರೂ ನೋವು ಬಹುಪಾಲು ಇಳಿದರೆ ಮಾತ್ರ ಮುಂದಿನ ಹೆಜ್ಜೆ. ಬಳಿಕ ಕ್ಷ-ಕಿರಣದ ನೆರವಿನಿಂದ ಸೂಜಿಯನ್ನು ನೆಲೆಗೊಳಿಸಿ, ಅದರ ತುದಿಯನ್ನು ಸುಮಾರು 80 ಡಿಗ್ರಿ ಸೆಂಟಿಗ್ರೇಡಿಗೆ ಒಂದೆರಡು ನಿಮಿಷ ಕಾಯಿಸುತ್ತಾರೆ. ಸಾಮಾನ್ಯವಾಗಿ ರೋಗಿ ಅಂದೇ ಮನೆಗೆ ಮರಳುತ್ತಾನೆ.

ಅನುಭವಗಳು ಒಂದೇ ತೆರನಲ್ಲ. ಮೊದಲ ವಾರ ಉರಿನೋವು ಹೆಚ್ಚಿ, ಹಣ ವ್ಯರ್ಥವಾಯಿತೆಂದು ಕೊರಗುವವರುಂಟು. ಎರಡು ಮೂರು ವಾರಗಳಲ್ಲಿ ಅವರಲ್ಲೇ ಕೆಲವರು ಹಗುರಾಗುತ್ತಾರೆ. ಉಪಶಮನ ಕೆಲವರಿಗೆ ಆರು ತಿಂಗಳು, ಕೆಲವರಿಗೆ ವರ್ಷ. ಇನ್ನು ಕೆಲವರಿಗೆ ಏನೂ ಇಲ್ಲ. ಸುಟ್ಟ ನರ ಮತ್ತೆ ಚಿಗುರುವುದರಿಂದ ನೋವು ಮರಳಲೂಬಹುದು. ನೆದರ್ಲೆಂಡ್ಸಿನಲ್ಲಿ 681 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ವ್ಯಾಯಾಮದೊಡನೆ ಈ ಚಿಕಿತ್ಸೆಯನ್ನೂ ಪಡೆದವರಿಗೆ ವ್ಯಾಯಾಮವಷ್ಟೇ ಮಾಡಿದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚಿನ ಲಾಭವಾಗಲಿಲ್ಲ.

ಆದುದರಿಂದ, ಒಡವೆ ಅಡವಿಡುವ ಮುನ್ನ ಪರೀಕ್ಷೆಯ ಚುಚ್ಚುಮದ್ದಿನ ಫಲವೇನೆಂದು ವೈದ್ಯರನ್ನು ಕೇಳೋಣ. ನೋವಿಗೆ ಬಿಡುವು ದೊರೆತರೆ, ಆ ದಿನಗಳನ್ನು ಬೆನ್ನಿಗೆ ಬಲ ತುಂಬುವ ವ್ಯಾಯಾಮಕ್ಕೆ ಮೀಸಲಿಡೋಣ. ಹಿರಿಯರ ಕೈಯಿಂದ ಕೊಡವನ್ನು ಇಸಿದುಕೊಳ್ಳುವುದಂತೂ ನಮ್ಮೆಲ್ಲರಿಂದ ಆಗುವ ಚಿಕಿತ್ಸೆ.