ಕಂಡ ಚಿತ್ರ, ಕಾಣದ ಸಂಗೀತ

ರಜೆಯ ದಿನಗಳಲ್ಲಿ ಮನುಷ್ಯನು ಹೊಸದನ್ನು ಅರಸಿಕೊಂಡು ಹೋಗುತ್ತಾನೆಂಬುದು ಲೋಕದ ನಂಬಿಕೆ. ಚಲಚ್ಚಿತ್ರದ ರಸಿಕರ ಮಟ್ಟಿಗೆ ಈ ಮಾತು ಸಲ್ಲದು. ಅಮೆರಿಕೆಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಕ್ರಿಸ್ಮಸ್ ಸಮೀಪಿಸಿತೆಂದರೆ ಈ ಸಲ ಯಾವ ಚಿತ್ರ ನೋಡೋಣವೆಂಬ ಚರ್ಚೆ ಮನೆಮನೆಗಳಲ್ಲಿ ಮೊದಲಾಗುತ್ತದೆ. ಬಹಳ ಹೊತ್ತು ವಾದ ನಡೆದ ಮೇಲೆ, ಹೋದ ವರ್ಷ ನೋಡಿದ್ದನ್ನೇ ನೋಡುವುದೆಂದು ತೀರ್ಮಾನವಾಗುತ್ತದೆ. ಇವರಲ್ಲಿ ಸಂಗೀತದ ಹುಚ್ಚಿನವರು ಸೇರಿಕೊಂಡರೆ ಎರಡನೆಯ ವಾದವೊಂದು ಹುಟ್ಟುತ್ತದೆ: ಈ ಚಿತ್ರಗಳಲ್ಲಿ ಯಾವುದರ ವಾದ್ಯವೃಂದ ಶ್ರೇಷ್ಠವಾದುದು? ಮೊದಲನೆಯ ವಾದ ಒಂದು ಸಂಜೆಗೆ ಮುಗಿಯುತ್ತದೆ. ಎರಡನೆಯದು ಮುಗಿಯುವುದೇ ಇಲ್ಲ.

ಕಂಡುದನ್ನೇ ಏಕೆ ಕಾಣಬೇಕು? ಕನ್ನಡಿಗರಿಗೆ ಈ ಪ್ರಶ್ನೆ ಒಗಟಾಗಬೇಕಾಗಿಲ್ಲ. ‘ಕರ್ಣಾರ್ಜುನ ಕಾಳಗ’ದ ಬಯಲಾಟಕ್ಕೆ ಕಂಬಳಿ ಹೊದೆದು ಕುಳಿತವರಲ್ಲಿ, ಕರ್ಣನು ಕೊನೆಗೆ ಉಳಿಯುವನೋ ಅಳಿಯುವನೋ ಎಂಬುದನ್ನು ತಿಳಿಯಲು ಬಂದವನು ಒಬ್ಬನೂ ಇಲ್ಲ. ಕಥೆ ತಿಳಿದಿರುವುದರಿಂದಲೇ ಅವನ ಕಿವಿ ಭಾಗವತರ ಕಂಠದ ಕಡೆಗೂ ಚೆಂಡೆಯ ಪೆಟ್ಟಿನ ಕಡೆಗೂ ತಿರುಗಲು ಬಿಡುವಾಗುತ್ತದೆ. ಮುಂದೇನಾಯಿತೆಂಬ ಕುತೂಹಲ ತಣಿದ ಮೇಲೆ ಹೇಗಾಯಿತೆಂಬ ಆಸ್ವಾದನೆ ಆರಂಭವಾಗುತ್ತದೆ. ಚಿತ್ರಸಂಗೀತದ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ಏಕೆಂದರೆ ಆ ಸಂಗೀತವು ಕೇಳಿಸಿಯೂ ಕೇಳಿಸದಂತೆ ಇರಬೇಕೆಂದೇ ರಚಿತವಾದುದು.

ಅದು ಸಿದ್ಧವಾಗುವ ಬಗೆಯನ್ನು ಸ್ವಲ್ಪ ನೋಡೋಣ. ಚಿತ್ರೀಕರಣ ಮುಗಿದು, ಪಟದ ತುಣುಕುಗಳನ್ನು ಜೋಡಿಸಿಯಾದ ಮೇಲೆ ಸಂಗೀತಕಾರರು ನಿರ್ದೇಶಕರೊಡನೆ ಕುಳಿತು, ಸಂಗೀತ ಎಲ್ಲಿ ತೊಡಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಗೊತ್ತುಮಾಡುತ್ತಾರೆ. ಬಾಗಿಲು ತೆರೆಯುವ ಕ್ಷಣ, ಕಣ್ಣು ತುಂಬುವ ಕ್ಷಣ, ಎಲ್ಲಕ್ಕೂ ಸೆಕೆಂಡುಗಳ ಲೆಕ್ಕವುಂಟು. ಆ ಲೆಕ್ಕದೊಳಗೆ ರಾಗವನ್ನು ಕಟ್ಟಿ, ಪಿಟೀಲುಗಳಿಗೆ ಇಷ್ಟು, ಕೊಳಲುಗಳಿಗೆ ಇಷ್ಟು, ಕಹಳೆಗಳಿಗೆ ಇಷ್ಟು ಎಂದು ಹಂಚಿ, ವಾದಕರೆಲ್ಲರನ್ನೂ ಕೂಡಿಸಿ, ಎದುರಿನ ತೆರೆಯ ಮೇಲೆ ಓಡುವ ಚಿತ್ರಕ್ಕೆ ಹೊಂದುವಂತೆ ನುಡಿಸಿ ಮುದ್ರಿಸುತ್ತಾರೆ. ಇಷ್ಟು ಪಾಡುಪಟ್ಟು ಮಾಡಿದುದನ್ನು ಪ್ರೇಕ್ಷಕನು ಗಮನಿಸದೆ ಹೋದರೆ ಅದೇ ಜಯ! ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಚಿತ್ರದ ಮಾತು ವಾಚ್ಯ, ಸಂಗೀತ ವ್ಯಂಗ್ಯ. ಪಾತ್ರವು ಬಾಯಿಬಿಟ್ಟು ಹೇಳದ ಅರ್ಥವನ್ನು ಸ್ವರವು ಧ್ವನಿಸುತ್ತದೆ. ಆನಂದವರ್ಧನನು ಕಾವ್ಯವನ್ನು ಕುರಿತು ಹೇಳಿದ ತತ್ತ್ವ ಇಲ್ಲಿಗೂ ಒಗ್ಗುತ್ತದೆಂದು ನನ್ನ ಭಾವನೆ.

ಒಂದು ಹಳೆಯ ನಿದರ್ಶನವನ್ನು ತೆಗೆದುಕೊಳ್ಳೋಣ. ೧೯೩೩ರ ‘ಕಿಂಗ್ ಕಾಂಗ್’ ಚಿತ್ರಕ್ಕೆ ಸಂಗೀತವೊದಗಿಸಿದವರು ವಿಯೆನ್ನಾದಲ್ಲಿ ಹುಟ್ಟಿದ ಮ್ಯಾಕ್ಸ್ ಸ್ಟೈನರ್. ಹೊಸ ಸಂಗೀತಕ್ಕೆ ಹಣ ವೆಚ್ಚಮಾಡಲು ಕಂಪೆನಿ ಹಿಂಜರಿದಾಗ, ನಿರ್ಮಾಪಕ ಮೆರಿಯನ್ ಕೂಪರ್ ಆ ವೆಚ್ಚವನ್ನು ತಾವೇ ಭರಿಸುವುದಾಗಿ ಹೇಳಿದರೆಂಬುದು ಪ್ರಸಿದ್ಧವಾದ ಸಂಗತಿ. ಈ ಚಿತ್ರದ ಆರಂಭದಲ್ಲಿ ಹೆಸರುಗಳು ತೋರಿ ಮರೆಯಾದ ಮೇಲೆ ನ್ಯೂಯಾರ್ಕಿನ ದೃಶ್ಯಗಳಲ್ಲಿ ಹಿನ್ನೆಲೆ ಸಂಗೀತವಿಲ್ಲ. ಹಡಗು ಮಂಜಿನೊಳಗೆ ನುಗ್ಗಿ, ಆ ಅಜ್ಞಾತ ದ್ವೀಪವನ್ನು ಸಮೀಪಿಸುವಾಗ ಮೆಲ್ಲನೆ ಸ್ವರಗಳು ಏಳುತ್ತವೆ. ನಿತ್ಯದ ಲೋಕಕ್ಕೆ ಮೌನ, ಅದ್ಭುತದ ಲೋಕಕ್ಕೆ ನಾದ. ಮೊದಲ ಸಲ ನೋಡುವವನು ಮಂಜನ್ನು ಮಾತ್ರ ಕಾಣುತ್ತಾನೆ. ನ್ಯೂಯಾರ್ಕಿನ ಒಂದು ಟೆಲಿವಿಷನ್ ಕೇಂದ್ರವು ೧೯೭೦ರ ದಶಕದ ಉತ್ತರಾರ್ಧದಿಂದ ಹಲವು ವರ್ಷ, ನವೆಂಬರಿನ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬದ ದಿನ ಈ ಚಿತ್ರವನ್ನು ತೋರಿಸುತ್ತಿತ್ತು. ಹಬ್ಬದೂಟ ಮುಗಿಸಿ ವರ್ಷವರ್ಷವೂ ಅದರ ಮುಂದೆ ಕುಳಿತ ಹುಡುಗನಿಗೆ ಮಂಜಿನೊಳಗಿನ ನಾದವೂ ಒಂದು ದಿನ ಕಿವಿಗೆ ಬಿದ್ದಿರಬೇಕು.

ರಜೆಯ ಚಿತ್ರಗಳಲ್ಲೆಲ್ಲ ಹೆಚ್ಚು ಜನ ಕಂಡುದೆಂದರೆ ‘ದಿ ವಿಜರ್ಡ್ ಆಫ್ ಓಜ್’ ಎನ್ನಬಹುದು. ೧೯೩೯ರಲ್ಲಿ ಮೆಟ್ರೊ-ಗೋಲ್ಡ್ವಿನ್-ಮೇಯರ್ ಕಂಪೆನಿ ಅದನ್ನು ತಯಾರಿಸಿತು. ಹಾಡುಗಳ ರಾಗ ಹೆರಾಲ್ಡ್ ಆರ್ಲೆನ್‌ರದು. ಹಿನ್ನೆಲೆಯ ವಾದ್ಯಸಂಗೀತ ಹರ್ಬರ್ಟ್ ಸ್ಟೊಥಾರ್ಟ್‌ರದು. ಅದಕ್ಕಾಗಿ ಅವರಿಗೆ ಅಕಾಡೆಮಿ ಪ್ರಶಸ್ತಿಯೂ ದೊರೆಯಿತು. ಕ್ಯಾನ್ಸಾಸಿನ ಬೂದುಬಣ್ಣದ ಮನೆಯ ಬಾಗಿಲನ್ನು ಡೊರೊಥಿ ತೆರೆದಾಗ ಹೊರಗೆ ಸಪ್ತವರ್ಣದ ಲೋಕ ಹರಡಿರುತ್ತದೆ. ವಾದ್ಯಗಳೂ ಕಂಠಗಳೂ ಒಟ್ಟಿಗೆ ಅರಳುತ್ತವೆ. ಈ ಚಿತ್ರವು ೧೯೫೬ರಲ್ಲಿ ಮೊದಲ ಬಾರಿಗೆ ಅಮೆರಿಕೆಯ ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ೧೯೫೯ರ ಡಿಸೆಂಬರಿನಿಂದ ಮುಂದೆ ವರ್ಷಕ್ಕೊಮ್ಮೆ ಬರುವ ಹಬ್ಬದಂತಾಯಿತು. ಆದರೆ ಆ ಕಾಲದಲ್ಲಿ ಬಹುಪಾಲು ಮನೆಗಳಲ್ಲಿದ್ದುದು ಕಪ್ಪು-ಬಿಳುಪಿನ ಪೆಟ್ಟಿಗೆ. ಬಾಗಿಲು ತೆರೆದಾಗ ಆ ಮನೆಗಳ ಮಕ್ಕಳಿಗೆ ಕಂಡುದು ಬೂದಿಯಿಂದಾಚೆ ಮತ್ತೆ ಬೂದಿ. ಬಣ್ಣವನ್ನು ಅವರಿಗೆ ತಲುಪಿಸಿದುದು ಯಾವುದು? ಸ್ಟೊಥಾರ್ಟ್‌ರ ವಾದ್ಯವೃಂದ! ಕಣ್ಣಿಗೆ ದಕ್ಕದ ವರ್ಣವನ್ನು ಕಿವಿಯಿಂದ ಊಹಿಸಿಕೊಂಡ ಒಂದು ತಲೆಮಾರು ಅಲ್ಲಿ ಬೆಳೆಯಿತು. ಹಿನ್ನೆಲೆ ಸಂಗೀತ ಕೇವಲ ಅಲಂಕಾರವೆನ್ನುವವರು ಈ ಒಂದು ನಿದರ್ಶನವನ್ನು ಯೋಚಿಸಬೇಕು.

ಮಾತೇ ಇಲ್ಲದೆ ವಾದ್ಯಗಳೇ ಕಥೆ ಹೇಳಿದ ಚಿತ್ರವೂ ಉಂಟು. ರೇಮಂಡ್ ಬ್ರಿಗ್ಸ್‌ರ ಪುಸ್ತಕವನ್ನು ಆಧರಿಸಿ ಇಂಗ್ಲೆಂಡಿನಲ್ಲಿ ತಯಾರಾದ ‘ದಿ ಸ್ನೋಮ್ಯಾನ್’ ಎಂಬ ಚಿತ್ರಲೇಖನದ ಚಿತ್ರ ೧೯೮೨ರ ಡಿಸೆಂಬರ್ ೨೬ರಂದು ಮೊದಲು ಪ್ರಸಾರವಾಯಿತು. ಸುಮಾರು ೨೬ ನಿಮಿಷದ ಈ ಕಥೆಯೊಳಗೆ ಸಂಭಾಷಣೆಯೆಂಬುದಿಲ್ಲ. ನಡುವೆ ಹಾರಾಟದ ಹೊತ್ತಿನಲ್ಲಿ ಬಾಲಕಂಠದ ಹಾಡೊಂದು ಮಾತ್ರ ಇದೆ. ಉಳಿದುದೆಲ್ಲ ಹಾವರ್ಡ್ ಬ್ಲೇಕ್‌ರ ವಾದ್ಯರಚನೆ. ಬೆಳಗಾದಾಗ ಹಿಮದ ಗೆಳೆಯ ಕರಗಿಹೋಗಿದ್ದಾನೆ. ಬಾಲಕನು ಮಂಡಿಯೂರಿ ಕುಳಿತಿದ್ದಾನೆ. ಅಲ್ಲಿ ಸಾಂತ್ವನದ ಮಾತಾಡುವ ತಾಯಿಯಿಲ್ಲ, ನೀತಿ ಹೇಳುವ ಗುರುವಿಲ್ಲ. ಕರುಣರಸಕ್ಕೆ ಅಷ್ಟೇ ಸಾಕು. ಆ ಚಿತ್ರ ಇಂದಿಗೂ ಕ್ರಿಸ್ಮಸ್ ಕಾಲದಲ್ಲಿ ಅಲ್ಲಿಯ ಮನೆಗಳಿಗೆ ಬರುತ್ತದೆ.

ಹಾಸ್ಯಚಿತ್ರಕ್ಕೆ ಇಂಥ ಸಂಗೀತ ಬೇಕೇ ಎಂದು ಕೇಳುವವರಿರಬಹುದು. ೧೯೯೦ರ ‘ಹೋಮ್ ಅಲೋನ್’ ನಮ್ಮ ಊರುಗಳ ಮಕ್ಕಳೂ ನೋಡಿ ನಕ್ಕ ಚಿತ್ರ. ಅದರ ಸಂಗೀತ ಜಾನ್ ವಿಲಿಯಮ್ಸ್‌ರದು. ನೆರೆಮನೆಯ ಮುದುಕನೊಬ್ಬನನ್ನು ಕೊಲೆಗಾರನೆಂದು ಬಾಲಕನು ನಂಬಿ ನಡುಗುತ್ತಾನೆ. ಆ ಮುದುಕನು ಕಾಣಿಸಿಕೊಂಡಾಗ ಸಂಗೀತದಲ್ಲಿ ತಲೆಯೆತ್ತುವುದು, ಪ್ರಳಯದ ದಿನವನ್ನು ಕುರಿತು ಯೂರೋಪಿನ ಚರ್ಚುಗಳಲ್ಲಿ ಮಧ್ಯಯುಗದಿಂದ ಹಾಡುತ್ತ ಬಂದ ಲ್ಯಾಟಿನ್ ಸ್ತೋತ್ರದ ಸ್ವರಾಳಿ. ಸತ್ತವರಿಗಾಗಿ ನಡೆಸುವ ಪೂಜೆಯ ಗೀತ ಅದು. ಮುದುಕನು ಸಾಧು, ಮಗನಿಂದ ದೂರವಾಗಿ ನೊಂದವನು ಎಂಬುದು ಆಮೇಲೆ ತಿಳಿಯುತ್ತದೆ. ಅಂದರೆ ಮೊದಲು ನಾವು ಕೇಳಿದುದು ಮುದುಕನ ಸ್ವಭಾವವನ್ನಲ್ಲ, ಹುಡುಗನ ಭಯವನ್ನು. ಎರಡನೆಯ ಸಲ ನೋಡುವಾಗ ಆ ಮೃತ್ಯುಗೀತೆಯೇ ಪರಿಹಾಸವಾಗಿ ಕೇಳಿಸುತ್ತದೆ. ಮರುನೋಟದಿಂದ ಮಾತ್ರ ದಕ್ಕುವ ರಸವೆಂದರೆ ಇದೇ.

ಇಷ್ಟಾದರೂ ಚಿತ್ರೋದ್ಯಮದಲ್ಲಿ ಸಂಗೀತಕಾರನ ಸ್ಥಾನ ಭದ್ರವಾದುದಲ್ಲ. ಫ್ರಾಂಕ್ ಕಾಪ್ರಾ ನಿರ್ದೇಶಿಸಿದ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ೧೯೪೬ರ ಡಿಸೆಂಬರಿನಲ್ಲಿ ತೆರೆಕಂಡಿತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಲಿತು ಬಂದ ದಿಮಿತ್ರಿ ತ್ಯೋಮ್ಕಿನ್ ಅದಕ್ಕೆ ಸಂಗೀತ ರಚಿಸಿದ್ದರು. ಕಾಪ್ರಾ ಅದರಲ್ಲಿ ಕೆಲವು ಭಾಗಗಳನ್ನು ಕತ್ತರಿಸಿದರು, ಕೆಲವು ಕಡೆ ಬೇರೆ ಸಂಗೀತವನ್ನು ಜೋಡಿಸಿದರು. ತ್ಯೋಮ್ಕಿನ್ನರ ಮನಸ್ಸಿಗೆ ಇದು ನೋವುಂಟುಮಾಡಿತು. ಆತ್ಮಕಥೆಯಲ್ಲಿಯೂ ಅದನ್ನು ಅವರು ಮರೆಯಲಿಲ್ಲ. ಕೊನೆಯಲ್ಲಿ ಊರವರೆಲ್ಲ ಕೂಡಿ ಹಾಡುವ ಸ್ಕಾಟ್ಲೆಂಡಿನ ಹಳೆಯ ಹಾಡನ್ನು ಕೇಳಿ ಕಣ್ಣೊರಸಿಕೊಳ್ಳುವವರು, ನಿರ್ದೇಶಕರು ಮಾಡಿದುದೇ ಸರಿಯೆನ್ನುತ್ತಾರೆ. ಸಂಗೀತಪ್ರಿಯರು ಕಳೆದುಹೋದ ಪುಟಗಳಿಗಾಗಿ ಕೊರಗುತ್ತಾರೆ. ಎರಡು ಪಕ್ಷದಲ್ಲಿಯೂ ನ್ಯಾಯವುಂಟು; ಚಿತ್ರಕ್ಕೆ ಒಳ್ಳೆಯದಾದುದು ಸಂಗೀತಕ್ಕೆ ಒಳ್ಳೆಯದಾಗಲೇಬೇಕೆಂಬ ನಿಯಮವಿಲ್ಲ.

ಈ ಚಿತ್ರ ರಜೆಯ ಚಿತ್ರವಾದ ಕಥೆಯೂ ವಿಚಿತ್ರವಾದುದು. ಮೊದಲ ಪ್ರದರ್ಶನದಲ್ಲಿ ಹಾಕಿದ ಹಣ ಹೊರಡಲಿಲ್ಲ. ೧೯೭೪ರಲ್ಲಿ ಹಕ್ಕುಸ್ವಾಮ್ಯವನ್ನು ನವೀಕರಿಸದೆ ಬಿಟ್ಟದ್ದರಿಂದ ಟೆಲಿವಿಷನ್ ಕೇಂದ್ರಗಳೆಲ್ಲ ಪುಕ್ಕಟೆಯಾಗಿ ತೋರಿಸತೊಡಗಿದವು. ಹಾಗೆ ತೋರಿಸಿ ತೋರಿಸಿಯೇ ಅದು ಜನರ ಮನಸ್ಸಿನಲ್ಲಿ ಬೇರುಬಿಟ್ಟಿತು. ೧೯೯೩ರಲ್ಲಿ ರಿಪಬ್ಲಿಕ್ ಎಂಬ ಸಂಸ್ಥೆ ಆ ಪ್ರಸಾರವನ್ನು ತನ್ನ ಹತೋಟಿಗೆ ತಂದುಕೊಂಡಿತು. ಅದಕ್ಕೆ ಆಧಾರವಾದುವು ಎರಡು: ಮೂಲಕಥೆಯ ಹಕ್ಕು ಮತ್ತು ಸಂಗೀತದ ಹಕ್ಕು. ಒಮ್ಮೆ ಕತ್ತರಿಗೆ ಸಿಕ್ಕಿದ ಸಂಗೀತವೇ ಕೊನೆಗೆ ಚಿತ್ರದ ಬಾಗಿಲಿಗೆ ಕೀಲಿಯಾಯಿತು.

ಆದರೆ ಎಲ್ಲ ಸಂಗೀತಕ್ಕೂ ಈ ಭಾಗ್ಯವಿರಲಿಲ್ಲ. ಮೆಟ್ರೊ-ಗೋಲ್ಡ್ವಿನ್-ಮೇಯರ್ ಕಂಪೆನಿಯ ಯಜಮಾನಿಕೆ ೧೯೬೯ರಲ್ಲಿ ಕೈಬದಲಾಯಿತು. ೧೯೭೦ರಲ್ಲಿ ಅಲ್ಲಿಯ ಉಡುಗೆ-ತೊಡುಗೆ, ಪೀಠೋಪಕರಣಗಳನ್ನೆಲ್ಲ ಹರಾಜು ಹಾಕಿದರು. ಡೊರೊಥಿಯ ಕೆಂಪು ಪಾದರಕ್ಷೆಗಳು ೧೫,೦೦೦ ಡಾಲರಿಗೆ ಮಾರಾಟವಾದುವು. ಹೆಚ್ಚುಕಡಮೆ ಅದೇ ಕಾಲದಲ್ಲಿ, ದಶಕಗಳಿಂದ ಕೂಡಿಬಂದಿದ್ದ ಸಂಗೀತದ ಸ್ವರಲಿಪಿಗಳನ್ನು, ಒಬ್ಬೊಬ್ಬ ವಾದಕನ ಮುಂದೆ ಇಡುವ ಹಾಳೆಗಳನ್ನು, ಜಾಗ ಸಾಲದೆಂದು ಹೊರಹಾಕಿ ಹಳ್ಳ ತುಂಬಲು ಸುರಿದರು. ಪಾದರಕ್ಷೆಗೆ ಬೆಲೆ ಬಂದಿತು. ಆ ಪಾದಗಳನ್ನು ನಡೆಸಿದ ಸಂಗೀತ ಮಣ್ಣುಪಾಲಾಯಿತು. ತಾಳೆಗರಿಗಳನ್ನು ಒಲೆಗೆ ಹಾಕಿದ, ಹೊಳೆಗೆ ಬಿಟ್ಟ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ಸಂಕಟ ಅರ್ಥವಾಗದಿರಲಾರದು.

ಮಣ್ಣಾದುದನ್ನು ಮತ್ತೆ ಎತ್ತಿದವರು ಕೇಳುಗರು. ಜಾನ್ ವಿಲ್ಸನ್ ಎಂಬ ಇಂಗ್ಲೆಂಡಿನ ವಾದ್ಯವೃಂದ ನಿರ್ದೇಶಕರು, ಪಿಯಾನೊಗೆಂದು ಸಂಕ್ಷೇಪಿಸಿ ಉಳಿಸಿದ್ದ ಪ್ರತಿಗಳನ್ನು ಹಿಡಿದು, ಚಿತ್ರಗಳ ಧ್ವನಿಯನ್ನು ಮತ್ತೆ ಮತ್ತೆ ಕೇಳಿ, ಯಾವ ವಾದ್ಯ ಯಾವ ಸ್ವರ ನುಡಿಸಿತೆಂಬುದನ್ನು ಕಿವಿಯಿಂದಲೇ ಬಿಡಿಸಿ ಬರೆದುಕೊಂಡರು. ಪಠ್ಯವು ತ್ರುಟಿತವಾದಾಗ ಸಂಪಾದಕನು ಪಾಠಾಂತರಗಳನ್ನು ಹೋಲಿಸಿ ಶುದ್ಧಪಾಠವನ್ನು ಕಟ್ಟುವಂತೆ ಇದೂ ಒಂದು ಗ್ರಂಥಸಂಪಾದನೆ. ೨೦೦೯ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವರ ವಾದ್ಯವೃಂದವು ಆ ಕಂಪೆನಿಯ ಚಿತ್ರಸಂಗೀತವನ್ನು ನುಡಿಸಿದಾಗ ಹಾಳೆಗಳು ಅಳಿದರೂ ಸ್ವರಗಳು ಉಳಿದುವು.

ಇದಕ್ಕೂ ಮೊದಲು ಇಂಥದೇ ಒಂದು ಉದ್ಧಾರ ನಡೆದಿತ್ತು. ವಿಯೆನ್ನಾದ ಬಾಲಪ್ರತಿಭೆ ಎರಿಕ್ ವೂಲ್ಫ್‌ಗಾಂಗ್ ಕಾರ್ನ್‌ಗೋಲ್ಡ್, ೧೯೩೮ರಲ್ಲಿ ‘ರಾಬಿನ್ ಹುಡ್’ ಚಿತ್ರಕ್ಕಾಗಿ ಅಮೆರಿಕೆಗೆ ಬಂದಿದ್ದಾಗ ಅವರ ಆಸ್ಟ್ರಿಯ ಹಿಟ್ಲರನ ವಶವಾಯಿತು. ಯಹೂದಿಯಾದ ಅವರು ಅಲ್ಲಿಯೇ ಉಳಿದರು. ಆ ಚಿತ್ರವೇ ತಮ್ಮ ಪ್ರಾಣ ಉಳಿಸಿತೆಂದು ಅವರು ಭಾವಿಸಿದ್ದರು. ಆದರೆ ೧೯೫೭ರಲ್ಲಿ ತೀರಿಕೊಳ್ಳುವ ವೇಳೆಗೆ ಸಂಗೀತಲೋಕ ಅವರನ್ನು ಬಹಳಮಟ್ಟಿಗೆ ಮರೆತಿತ್ತು. ೧೯೭೨ರಲ್ಲಿ ಚಾರ್ಲ್ಸ್ ಗೆರ್ಹಾರ್ಟ್, ಕಾರ್ನ್‌ಗೋಲ್ಡರ ಮಗ ಜಾರ್ಜ್‌ರೊಡನೆ ಸೇರಿ, ಆ ಚಿತ್ರಸಂಗೀತವನ್ನು ಲಂಡನ್ನಿನಲ್ಲಿ ಹೊಸದಾಗಿ ನುಡಿಸಿ ಧ್ವನಿಮುದ್ರಿಕೆ ಹೊರತಂದರು. ಐದು ವರ್ಷದ ಮೇಲೆ ಬಂದ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಜಾನ್ ವಿಲಿಯಮ್ಸ್ ಆ ಪರಂಪರೆಯ ಮಹಾವಾದ್ಯವೃಂದವನ್ನು ಮತ್ತೆ ಮೊಳಗಿಸಿದಾಗ, ಅದನ್ನು ಗುರುತಿಸಬಲ್ಲ ಕಿವಿಗಳು ಸಿದ್ಧವಾಗಿದ್ದುವು.

ನಮ್ಮ ಕಡೆಗೆ ತಿರುಗಿ ನೋಡಿದರೆ ಏನು ಕಾಣುತ್ತದೆ? ಜಿ. ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಎಂದೊಡನೆ ನಾಲಗೆಗೆ ಹಾಡುಗಳು ಬರುತ್ತವೆ. ಹಾಡು ಮುಗಿದು, ನಾಯಕನು ಬಾಗಿಲಲ್ಲಿ ಮೌನವಾಗಿ ನಿಂತಾಗ ಅವರು ನುಡಿಸಿದ್ದೇನೆಂದು ಕೇಳಿದರೆ ನಾವೇ ಮೌನವಾಗುತ್ತೇವೆ. ‘ಸಂಸ್ಕಾರ’ ಕಾದಂಬರಿಯನ್ನು ತರಗತಿಗಳಲ್ಲಿ ಪಾಠ ಹೇಳುವವರು ನೂರಾರು ಜನ; ೧೯೭೦ರ ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ ನೀಡಿದವರು ಸರೋದ್ ವಾದಕ ರಾಜೀವ ತಾರಾನಾಥರೆಂಬುದನ್ನು ಆ ಪಾಠದಲ್ಲಿ ಎಷ್ಟು ಮಂದಿ ಹೇಳುತ್ತಾರೆ? ಹಾಡಿಗೆ ತಟ್ಟೆಯೂ ಪುಸ್ತಕವೂ ಉಂಟು. ಹಿನ್ನೆಲೆ ಸಂಗೀತಕ್ಕೆ ಚಿತ್ರದ ಪಟ್ಟಿಯೇ ಮನೆ. ಆ ಪಟ್ಟಿ ಸವೆದುಹೋದರೆ ಸಂಗೀತವೂ ಹೋಯಿತು. ಹೋದುದನ್ನು ಕಿವಿಯಿಂದ ಬರೆದುಕೊಡುವವರು ನಮ್ಮಲ್ಲಿ ತಯಾರಾಗಬೇಕಾದರೆ ಮೊದಲು ಕೇಳುವವರು ಬೇಕು.

ಆದುದರಿಂದ ವಿದ್ಯಾರ್ಥಿಮಿತ್ರರಲ್ಲಿ ಒಂದು ಸೂಚನೆ. ಮುಂದಿನ ರಜೆಯಲ್ಲಿ ಮನೆಯವರೆಲ್ಲ ಕೂಡಿ ಹಳೆಯ ಚಿತ್ರವೊಂದನ್ನು ಹಾಕಿದಾಗ, ಕಂಡುದೇ ಅಲ್ಲವೆ ಎಂದು ಎದ್ದು ಹೋಗಬೇಡಿ. ಕಥೆಯನ್ನು ಮನೆಯವರಿಗೆ ಬಿಟ್ಟುಕೊಡಿ. ಸಂಗೀತ ಎಲ್ಲಿ ತೊಡಗಿತು, ಯಾವ ವಾದ್ಯದಿಂದ ತೊಡಗಿತು, ಎಲ್ಲಿ ಥಟ್ಟನೆ ನಿಂತಿತು ಎಂಬ ಮೂರನ್ನು ಮಾತ್ರ ಒಂದು ಹಾಳೆಯಲ್ಲಿ ಗುರುತುಹಾಕಿಕೊಂಡು, ಹೆಸರುಗಳ ಸಾಲು ಕೊನೆಯವರೆಗೆ ಸರಿಯುವ ತನಕ ಕುಳಿತಿರಿ.