ಟಿಂಕರ್‌ಮ್ಯಾನ್ ಕೈಕಟ್ಟಿ ಕೂತಾಗ

2014ರ ನವೆಂಬರ್‌ನಲ್ಲಿ ಗ್ರೀಸ್ ಫುಟ್‌ಬಾಲ್ ತಂಡ ತವರಲ್ಲೇ ಪುಟ್ಟ ಫಾರೋ ದ್ವೀಪಗಳ ಎದುರು 0-1ರಿಂದ ಸೋತಿತು. ಮರುದಿನವೇ ಇಟಲಿಯ ಕೋಚ್ ಕ್ಲಾಡಿಯೊ ರಾನಿಯೇರಿ ಕೆಲಸ ಹೋಯ್ತು. ನಾಲ್ಕೇ ಪಂದ್ಯದ ನೌಕರಿ!

ಅಷ್ಟರಲ್ಲಿ ಅವರು ನಾಪೋಲಿ, ವೆಲೆನ್ಸಿಯಾ, ಚೆಲ್ಸಿ, ಯುವೆಂಟಸ್, ರೋಮಾ, ಇಂಟರ್, ಮೊನಾಕೊ ಎಲ್ಲ ಸುತ್ತಿಯಾಗಿತ್ತು. ಕಪ್‌ಗಳು ಬಂದಿದ್ದವು, ಮೊದಲ ದರ್ಜೆಯ ಲೀಗ್ ಪಟ್ಟ ಮಾತ್ರ ದೊಡ್ಡ ಕ್ಲಬ್‌ಗಳಲ್ಲೂ ಕೈಗೆ ಸಿಕ್ಕಿರಲಿಲ್ಲ. ಪಂದ್ಯಕ್ಕೊಂದು ತಂಡ ಇಳಿಸ್ತಾರೆ ಅಂತ ಚೆಲ್ಸಿ ಕಾಲದಲ್ಲಿ ಇಂಗ್ಲಿಷ್ ಪತ್ರಿಕೆಗಳು ಇಟ್ಟ ಅಡ್ಡಹೆಸರು 'ಟಿಂಕರ್‌ಮ್ಯಾನ್', ಅಂದ್ರೆ ಸದಾ ಏನಾದ್ರೂ ಬಿಚ್ಚಿ ಜೋಡಿಸ್ತಾ ಇರೋನು.

2015ರಲ್ಲಿ ಲೆಸ್ಟರ್ ಸಿಟಿ ಕರೆಯಿತು. ಗೆದ್ದರೆ ಒಂದಕ್ಕೆ 5000 ಕೊಡ್ತೀವಿ ಅಂದಿದ್ರು ಬಾಜಿಯವರು. ರಾನಿಯೇರಿ ಹಳೆಯ ಸಹಾಯಕ ಕೋಚ್‌ಗಳನ್ನೇ ಉಳಿಸಿಕೊಂಡರು, ಹೆಚ್ಚುಕಮ್ಮಿ ಅದೇ ಹನ್ನೊಂದು ಜನರನ್ನು ವಾರವಾರವೂ ಆಡಿಸಿದರು. ಓಡ್ತಿರೋ ಕೋಡ್‌ಗೆ ಕೈ ಹಾಕ್ಬಾರ್ದು ಅಂತ ನಾವು ಹೇಳ್ತೀವಲ್ಲ, ಹಾಗೆ. ಆಟವೂ ಸರಳ: ಚೆಂಡು ಎದುರಾಳಿ ಹತ್ತಿರವೇ ಇರಲಿ, ಕಾಂಟೆ ಕಸಿದುಕೊಂಡ ತಕ್ಷಣ ಡಿಫೆಂಡರ್‌ಗಳ ಬೆನ್ನ ಹಿಂದೆ ಉದ್ದ ಪಾಸ್, ವಾರ್ಡಿ ಓಟ. ಗೋಲು ಬಿಟ್ಟುಕೊಡದಿದ್ರೆ ಪಿಜ್ಜಾ ಕೊಡಿಸ್ತೀನಿ ಅಂದರು. ಕೊನೆಗೆ ಆ ಪಿಜ್ಜಾವನ್ನೂ ಆಟಗಾರರ ಕೈಯಲ್ಲೇ ಮಾಡಿಸಿದರು!

2016ರ ಮೇ 2ರಂದು ಲೆಸ್ಟರ್ ಚಾಂಪಿಯನ್. ಒಂಬತ್ತೇ ತಿಂಗಳಿಗೆ, ತಂಡ ಕೆಳಗಿಳಿಯುತ್ತಿದ್ದಂತೆ, ಅದೇ ಕ್ಲಬ್ ಅವರನ್ನು ತೆಗೆದುಹಾಕಿತು. ಇದು ನಮಗೆ ಇನ್ನೂ ಜೀರ್ಣವಾಗಿಲ್ಲ.

ರಾನಿಯೇರಿ ಮನೆಗೆ ಹೋಗಲಿಲ್ಲ. ಮೂವತ್ತು ವರ್ಷದ ಹಿಂದೆ ಮೂರನೇ ದರ್ಜೆಯಿಂದ ಮೊದಲ ದರ್ಜೆಗೆ ತಾವೇ ಹತ್ತಿಸಿದ್ದ ಕಾಲ್ಯಾರಿಗೆ ಮರಳಿ, 2023ರಲ್ಲಿ ಇಂಜುರಿ ಟೈಮ್ ಗೋಲಿನಿಂದ ಅದನ್ನು ಮತ್ತೆ ಸೀರಿ ಆ ಲೀಗ್‌ಗೆ ಒಯ್ದರು. ಆಗ ಅವರಿಗೆ 71.