ಭೋರ್ ದಾರಿಯ ಘಾಟಿ ಇಳಿಯುವ ಮುನ್ನ: ಹಳೆಯ ಸ್ಪೋರ್ಟ್ಸ್ ಕಾರಿಗೆ ಯಾವ ಬ್ರೇಕ್ ಪ್ಯಾಡ್?

ಭೋರ್: ಈ ಹೆಸರು ಕೇಳಿದಾಕ್ಷಣ ಮುಂಬಯಿ ಕನ್ನಡಿಗರಿಗೆ ನೆನಪಾಗುವುದು ಖಂಡಾಲದ ಬೋರ್ ಘಾಟ್. ಇದು ಅದಲ್ಲ. ಪುಣೆಯಿಂದ ಬೆಂಗಳೂರು ಹೆದ್ದಾರಿ ಹಿಡಿದು ಕಾಪೂರ್‌ಹೋಳದಲ್ಲಿ ಬಲಕ್ಕೆ ತಿರುಗಿದರೆ ಸಿಗುವ ತಾಲೂಕು ಪಟ್ಟಣವಿದು. ಪುಣೆಯಿಂದ ಸುಮಾರು 50 ಕಿ.ಮೀ. ದೂರ. 1948ರವರೆಗೆ ಪಂತ ಸಚಿವರ ಸಂಸ್ಥಾನದ ರಾಜಧಾನಿಯಾಗಿತ್ತು. ನೀರಾ ನದಿ, ಹಳೆಯ ರಾಜವಾಡೆ, ಸಮೀಪದಲ್ಲೇ ಭಾಟ್‌ಘರ್ ಅಣೆಕಟ್ಟು. ಭಾನುವಾರ ಬೆಳಿಗ್ಗೆ ಕಾರು ಹೊರಗೆ ತೆಗೆಯುವವರಿಗೆ ಹೇಳಿ ಮಾಡಿಸಿದ ದಾರಿ.

ಪಟ್ಟಣ ದಾಟಿದ ಮೇಲೆ ಘಾಟಿಗಳು ಶುರು. ಒಂದು ರಸ್ತೆ ಮಾಂಢರದೇವಿಯ ಬೆಟ್ಟ ಹತ್ತಿ ವಾಯಿಗೆ ಇಳಿಯುತ್ತದೆ, ಇನ್ನೊಂದು ವರಂಧಾ ಘಾಟ್ ಇಳಿದು ಮಹಾಡ್ ಸೇರುತ್ತದೆ. ಮಹಾಡ್‌ನಲ್ಲಿ ಸಿಗುವುದು ಮುಂಬಯಿ-ಗೋವಾ ಹೆದ್ದಾರಿ, ಅದೇ ಮುಂದೆ ಕಾರವಾರ, ಉಡುಪಿ, ಮಂಗಳೂರು. ಕರಾವಳಿಯ ಕನ್ನಡಿಗರಿಗೆ ಇದು ಊರಿನ ದಾರಿಗಳಲ್ಲೊಂದು.

ಹಳೆಯ ಕಾರಿನ ಹುಚ್ಚು ನಮ್ಮವರಿಗೆ ಹೊಸದೇನಲ್ಲ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಕಾರು ಸಂಗ್ರಹಾಲಯ ನೋಡದೆ ಬರುವುದು ಅಪರೂಪ. ಆದರೆ ಸಂಗ್ರಹಾಲಯದ ಕಾರು ನಿಂತೇ ಇರುತ್ತದೆ, ಮನೆಯ ಕಾರು ಓಡಬೇಕು, ಓಡಿದ್ದು ನಿಲ್ಲಬೇಕು. ಎಂಜಿನ್ ರಿಪೇರಿಗೆ, ಬಣ್ಣಕ್ಕೆ, ಸೀಟಿನ ಚರ್ಮಕ್ಕೆ ಲೆಕ್ಕವಿಲ್ಲದೆ ಖರ್ಚು ಮಾಡಿದವರೂ ಬ್ರೇಕಿನ ವಿಷಯ ಬಂದಾಗ ಗ್ಯಾರೇಜಿನ ಹುಡುಗ ಹೇಳಿದ ಒಂದೇ ಮಾತಿಗೆ ತಲೆಯಾಡಿಸುವುದುಂಟು: 'ರೇಸಿಂಗ್ ಪ್ಯಾಡ್ ಹಾಕಿಬಿಡಿ ಸಾರ್, ಗಟ್ಟಿ ಹಿಡಿಯುತ್ತದೆ.' ಘಾಟಿ ದಾರಿಯ ಹಳೆಯ ಕಾರಿಗೆ ಇದು ಬಹುತೇಕ ತಪ್ಪು ಸಲಹೆ.

ಏಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಡಿಸ್ಕ್ ಬ್ರೇಕು ಹೆಸರು ಮಾಡಿದ್ದು 1953ರಲ್ಲಿ, ಫ್ರಾನ್ಸಿನ ಲೆ ಮಾನ್ ಓಟದಲ್ಲಿ ಜಾಗ್ವಾರ್ ಸಿ-ಟೈಪ್ ಕಾರು ಅದನ್ನು ಹಾಕಿಕೊಂಡು ಗೆದ್ದಾಗ. ಮೂರೇ ವರ್ಷದಲ್ಲಿ, 1956ರಲ್ಲಿ, ಟ್ರಯಂಫ್ ಟಿಆರ್3 ಸ್ಪೋರ್ಟ್ಸ್ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂತು. 1960ರ ದಶಕದ ಎಂಜಿಬಿ, ಟ್ರಯಂಫ್ ಸ್ಪಿಟ್‌ಫೈರ್ ಮುಂತಾದವುಗಳದೂ ಇದೇ ಏರ್ಪಾಡು: ಮುಂದೆ ಡಿಸ್ಕ್, ಹಿಂದೆ ಡ್ರಮ್. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಹಲವರಿಗೆ ನೆನಪಿರಬಹುದು. ಸ್ಪಿಟ್‌ಫೈರ್ ಅದೇ ಹೆರಾಲ್ಡ್ ಮನೆತನದ್ದು. ನಮ್ಮ ಕಾಲದ್ದೇ ಆದ ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ಗೋವಾದಲ್ಲಿ ತಯಾರಾದದ್ದು, ಫೈಬರ್ ಮೈ, ರೆನೋ ಎಂಜಿನ್. ಇವೆಲ್ಲ ಹಗುರ ಕಾರುಗಳು. ಇವುಗಳಲ್ಲಿ ಇಂದಿನ ಕಾರಿನ ಎಬಿಎಸ್ ಇಲ್ಲ. ಹಲವು ಹಳೆಯ ಮಾದರಿಗಳಲ್ಲಿ ಪೆಡಲ್ ಒತ್ತಲು ನೆರವಾಗುವ ಬೂಸ್ಟರ್ ಕೂಡ ಇಲ್ಲ. ಕಾರು ನಿಲ್ಲಿಸುವುದು ಚಾಲಕನ ಕಾಲಿನ ಬಲವೊಂದೇ.

ರೇಸಿಗಾಗಿ ಮಾಡಿದ ಪ್ಯಾಡುಗಳಲ್ಲಿ ಹಲವು 150-200 ಡಿಗ್ರಿ ಬಿಸಿಯಾಗುವವರೆಗೆ ಸರಿಯಾಗಿ ಹಿಡಿಯುವುದಿಲ್ಲ. ಓಟದ ಮೈದಾನದಲ್ಲಿ ತಿರುವಿಗೊಮ್ಮೆ ಬ್ರೇಕ್ ಬೀಳುವುದರಿಂದ ಅಲ್ಲಿ ಅದು ದೋಷವಲ್ಲ. ಆದರೆ ಭೋರ್ ಪೇಟೆಯಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ಪ್ಯಾಡ್ ತಣ್ಣಗಿರುತ್ತದೆ. ಘಾಟಿಯ ತಲೆಯಲ್ಲಿ ಚಹಾ ಕುಡಿದು ಹೊರಟು ಮೊದಲ ತಿರುವಿಗೆ ಬಂದಾಗಲೂ ತಣ್ಣಗಿರುತ್ತದೆ. ಬೂಸ್ಟರ್ ಇಲ್ಲದ ಕಾರಿನಲ್ಲಿ ಆಗ ಎಷ್ಟು ಒತ್ತಿದರೂ ಕಾರು ಜಾರುತ್ತಲೇ ಇರುತ್ತದೆ. ಮಳೆಗಾಲದಲ್ಲಂತೂ ಪ್ಯಾಡ್ ಬಿಸಿಯಾಗುವ ಮಾತೇ ಇಲ್ಲ.

ಹಾಗೆಂದು ಅಗ್ಗದ ಸಾದಾ ಪ್ಯಾಡ್ ಸಾಕೇ? ಅದೂ ಸಾಲದು. ಒಂದು ಲೆಕ್ಕ ನೋಡಿ. ಜನ ಕುಳಿತು 1000 ಕಿಲೋ ತೂಗುವ ಕಾರು ಅರ್ಧ ಕಿಲೋಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿಯಿಂದ ಸುಮಾರು 15 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಎಂಜಿನ್ ತಡೆದಷ್ಟು ತಡೆದು, ಗಾಳಿ ಒಯ್ದಷ್ಟು ಒಯ್ದು, ಉಳಿದದ್ದನ್ನೆಲ್ಲ ಹೀರಬೇಕಾದದ್ದು ಅಂಗೈಯಗಲದ ಪ್ಯಾಡುಗಳು ಮತ್ತು ಅವು ಒತ್ತುವ ಕಬ್ಬಿಣದ ಬಿಲ್ಲೆಗಳು. ಅತಿ ಬಿಸಿಯಾದಾಗ ಸಾದಾ ಪ್ಯಾಡಿನೊಳಗಿನ ರಾಳ ಆವಿಯಾಗತೊಡಗಿ ಹಿಡಿತ ತಪ್ಪುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಇದನ್ನೇ 'ಫೇಡ್' ಎನ್ನುವುದು.

ಆದ್ದರಿಂದ ಬೇಕಾದದ್ದು ತಣ್ಣಗಿರುವಾಗಲೇ ಚೆನ್ನಾಗಿ ಹಿಡಿಯುವ, ಘಾಟಿಯ ಬಿಸಿಗೂ ಸೋಲದ ನಡುವಿನ ಜಾತಿ. 'ಫಾಸ್ಟ್ ರೋಡ್' ಎಂದು ಕರೆಯುವುದು ಇದನ್ನೇ. ಇಬಿಸಿ ಕಂಪೆನಿಯ ಗ್ರೀನ್‌ಸ್ಟಫ್, ಮಿಂಟೆಕ್ಸ್‌ನ 1144 ಈ ಸಾಲಿನವು. ಫೆರೋಡೊ ಡಿಎಸ್2500 ಇನ್ನೊಂದು ಮೆಟ್ಟಿಲು ಮೇಲೆ, ಆಗಾಗ ಟ್ರ್ಯಾಕಿಗೂ ಹೋಗುವವರಿಗೆ. ಫೆರೋಡೊ ಹುಟ್ಟಿನ ಕಥೆಯೂ ಇಳಿಜಾರಿನದ್ದೇ. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಗಾಡಿಯವರು ಮರದ ಬ್ರೇಕಿಗೆ ಹಳೆಯ ಬೂಟಿನ ಚರ್ಮ ಬಡಿದು ಇಳಿಯುವುದನ್ನು ಕಂಡು ಹರ್ಬರ್ಟ್ ಫ್ರೂಡ್ ಎಂಬವರು 1897ರಲ್ಲಿ ಬ್ರೇಕ್ ಲೈನಿಂಗ್ ತಯಾರಿಗೆ ತೊಡಗಿದರಂತೆ. ಅವರ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ, ಒಂದು ಅಕ್ಷರ ಸೇರಿಸಿ ಕಂಪೆನಿಯ ಹೆಸರಾಯಿತು.

ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರಕ್ಕಿಂತ ಪ್ಯಾಡಿನ ಅಂಚಿನಲ್ಲೋ ಬೆನ್ನಿನಲ್ಲೋ ಇರುವ ಎರಡು ಅಕ್ಷರ ಹೆಚ್ಚು ನಂಬಿಕೆಯವು. ಹಲವು ಕಂಪೆನಿಗಳು ಇದನ್ನು ಅಚ್ಚು ಹಾಕಿರುತ್ತವೆ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿನ ಹಿಡಿತ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. 'ಇ' ಎಂದರೆ ಘರ್ಷಣೆಯ ಅಂಕ 0.25ರಿಂದ 0.35, 'ಎಫ್' ಎಂದರೆ 0.35ರಿಂದ 0.45, 'ಜಿ' ಎಂದರೆ 0.45ರಿಂದ 0.55. 'ಎಫ್‌ಎಫ್' ಇದ್ದರೆ ಬಿಸಿಯಲ್ಲೂ ತಣ್ಣಗೂ ಒಂದೇ ನಡತೆ. 'ಎಫ್‌ಇ' ಇದ್ದರೆ ಬಿಸಿಯೇರಿದಂತೆ ಹಿಡಿತ ಇಳಿಯುತ್ತದೆ, ಘಾಟಿಗೆ ಅಂಥದ್ದು ಬೇಡ. ಪ್ಯಾಡ್ ಎಷ್ಟು ದಿನ ಬಾಳುತ್ತದೆ, ಡಿಸ್ಕನ್ನು ಎಷ್ಟು ಸವೆಸುತ್ತದೆ ಎಂಬುದನ್ನು ಮಾತ್ರ ಈ ಅಕ್ಷರಗಳು ಹೇಳುವುದಿಲ್ಲ. ಅದೂ ಮುಖ್ಯ. ಗಡಸು ಪ್ಯಾಡು ಹಳೆಯ ಡಿಸ್ಕನ್ನು ತಿನ್ನುತ್ತದೆ. ಪ್ಯಾಡು ಅಂಗಡಿಯಲ್ಲಿ ಸಿಕ್ಕೀತು, ಆ ಕಾರಿನ ಡಿಸ್ಕು ವಿದೇಶದಿಂದ ಬರಬೇಕು. ಜಮಾ-ಖರ್ಚು ಬರೆದು ನೋಡಿದರೆ ಮೆತ್ತಗಿನ ಪ್ಯಾಡೇ ಲಾಭ.

ಪುಣೆಯ ನಾನಾ ಪೇಟ್, ಮುಂಬಯಿಯ ಕುರ್ಲಾ, ಬೆಂಗಳೂರಿನ ಜೆ.ಸಿ. ರಸ್ತೆ, ಎಲ್ಲೇ ವಿಚಾರಿಸುವುದಿದ್ದರೂ ಹಳೆಯ ಪ್ಯಾಡ್ ಬಿಚ್ಚಿಕೊಂಡೇ ಹೋಗುವುದು ಒಳ್ಳೆಯದು. ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು. ಐವತ್ತು ವರ್ಷಗಳಲ್ಲಿ ಯಾರೋ ಬೇರೆ ಕ್ಯಾಲಿಪರ್ ಕೂರಿಸಿರಬಹುದು. ಪ್ಯಾಡು ಹೊಂದಬೇಕಾದದ್ದು ಕ್ಯಾಲಿಪರಿಗೆ. ಅಂಗಡಿಯ ಮೂಲೆಯಲ್ಲಿ ನಲವತ್ತು ವರ್ಷ ಕೂತ 'ಒರಿಜಿನಲ್' ಪ್ಯಾಡು ಸಿಕ್ಕಿತೆಂದು ಹಿಗ್ಗುವುದು ಬೇಡ. ಅಂಟು ಒಣಗಿ ಲೈನಿಂಗ್ ಕಳಚೀತು. ಆ ಕಾಲದ ಪ್ಯಾಡು, ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಹಳೆಯ ಡ್ರಮ್ ಬಿಚ್ಚಿದಾಗ ಮೆಕ್ಯಾನಿಕ್ ಗಾಳಿ ಪೈಪು ಹಿಡಿದು ಊದಲು ಹೊರಟರೆ ತಡೆಯಿರಿ, ಒದ್ದೆ ಬಟ್ಟೆಯಿಂದ ಒರೆಸಲು ಹೇಳಿ.

ಹಿಂದಿನ ಡ್ರಮ್ಮನ್ನು ಮರೆತು ಮುಂದಕ್ಕೆ ಮಾತ್ರ ಬಿರುಸಿನ ಪ್ಯಾಡ್ ಹಾಕಿದರೆ ತೂಕ ತಪ್ಪುತ್ತದೆ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಕಚ್ಚಿ ನಿಂತು ಸ್ಟಿಯರಿಂಗ್ ಕೆಲಸ ಮಾಡದು. ಇನ್ನು ಬ್ರೇಕ್ ಆಯಿಲ್. ನಿಜ ಹೇಳಬೇಕೆಂದರೆ ಹಳೆಯ ಕಾರಿನಲ್ಲಿ ಪ್ಯಾಡಿಗಿಂತ ಮೊದಲು ಕೈಕೊಡುವುದು ಇದೇ. ಡಾಟ್ 4 ಆಯಿಲ್ ಹೊಸತಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರದು 205 ಮತ್ತು 140. ಒಳಗೆ ಕುದಿದರೆ ಗುಳ್ಳೆಯೆದ್ದು ಪೆಡಲ್ ನೆಲಕ್ಕೆ ತಾಗುತ್ತದೆ. ವರ್ಷದಲ್ಲಿ ಬಹುಪಾಲು ಶೆಡ್ಡಿನಲ್ಲೇ ಇರುವ ಕಾರಿಗೂ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು, ಗಟ್ಟಿಯಾದ ರಬ್ಬರ್ ಹೋಸ್‌ಗಳನ್ನೂ ಬದಲಿಸಬೇಕು. ಇದನ್ನು ಮಾಡದೆ ದುಬಾರಿ ಪ್ಯಾಡ್ ಹಾಕುವುದು ದುಡ್ಡು ನೀರಿಗೆ ಹಾಕಿದಂತೆ.

ಹೊಸ ಪ್ಯಾಡ್ ಹಾಕಿದ ದಿನವೇ ಘಾಟಿ ಹತ್ತುವಂತಿಲ್ಲ. ವಾಹನ ಕಡಿಮೆಯಿರುವ ಸಮತಟ್ಟು ರಸ್ತೆಯಲ್ಲಿ 60ರಿಂದ 20 ಕಿ.ಮೀ. ವೇಗಕ್ಕೆ ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ಬ್ರೇಕ್ ಮುಟ್ಟದೆ ಐದಾರು ಕಿ.ಮೀ. ಓಡಿಸಿ ತಣ್ಣಗಾಗಲು ಬಿಡಬೇಕು. ಪ್ಯಾಡಿನ ಜತೆ ಕಂಪೆನಿಯ ಸೂಚನೆ ಬಂದಿದ್ದರೆ ಅದರಂತೆಯೇ ಮಾಡುವುದು ಲೇಸು.

ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬುದು ಹಳೆಯ ಲಾರಿ ಡ್ರೈವರರ ಪಾಠ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವವರು, ಎಂಜಿನ್ನೇ ಬಂದ್ ಮಾಡುವವರು ಇನ್ನೂ ಇದ್ದಾರೆ. ಬೂಸ್ಟರ್ ಇರುವ ಕಾರಿನಲ್ಲಿ ಎಂಜಿನ್ ನಿಂತರೆ ಒಂದೆರಡು ಸಲ ಒತ್ತುವಷ್ಟರಲ್ಲಿ ನೆರವು ಮುಗಿಯುತ್ತದೆ. ಭೋರ್‌ನಿಂದ ಪುಣೆಗೆ ಮರಳುವಾಗ ಕಾತ್ರಜ್‌ನ ಹೊಸ ಸುರಂಗ ದಾಟಿದೊಡನೆ ನವಲೆ ಸೇತುವೆಯ ಕಡೆಗೆ ಉದ್ದದ ಇಳಿಜಾರಿದೆ. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಭಾರೀ ವಾಹನವೊಂದು 40ಕ್ಕೂ ಹೆಚ್ಚು ವಾಹನಗಳಿಗೆ ಅಪ್ಪಳಿಸಿತು. ಚಾಲಕ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿದ್ದನೆಂದು ಆಗ ವರದಿಯಾಗಿತ್ತು. ಹಿಂದಿನಿಂದ ಅಂಥ ವಾಹನ ಬರುತ್ತಿರುವಾಗ ನಮ್ಮ ಬ್ರೇಕ್ ಎಷ್ಟು ಒಳ್ಳೆಯದಿದ್ದರೂ ಸಾಲದು ಎಂಬುದೂ ನಿಜ. ಮುಂದೆ ಜಾಗ ಬಿಟ್ಟು, ಕನ್ನಡಿ ನೋಡುತ್ತ, ಎಡಕ್ಕಿರುವುದೇ ದಾರಿ.

ವರಂಧಾ ಘಾಟ್ ಮಳೆಗಾಲದಲ್ಲಿ ಗುಡ್ಡ ಕುಸಿತದ ಕಾರಣ ಆಗಾಗ ಮುಚ್ಚಿರುತ್ತದೆ. ಹೊರಡುವ ಮುನ್ನ ಭೋರ್‌ನಲ್ಲೇ ವಿಚಾರಿಸಬೇಕು. ಘಾಟಿ ಇಳಿದು ಮಹಾಡ್ ಸೇರಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು, ಚಕ್ರಕ್ಕೊಂದು ಕಲ್ಲು ಕೊಟ್ಟು ಅರ್ಧ ಗಂಟೆ ನಿಲ್ಲಿಸಿ. ನಾಲ್ಕೂ ಚಕ್ರದ ಬಳಿ ಅಂಗೈ ಹಿಡಿದು ನೋಡಿ. ಮುಂದಿನೆರಡರಲ್ಲಿ ಒಂದು ಮಾತ್ರ ಕಾದು ಇನ್ನೊಂದು ತಣ್ಣಗಿದ್ದರೆ ಒಂದು ಕಡೆಯ ಕ್ಯಾಲಿಪರ್ ಕಚ್ಚಿಕೊಂಡಿದೆ ಅಥವಾ ಇನ್ನೊಂದು ಕಡೆಯದು ಕೆಲಸ ಮಾಡುತ್ತಿಲ್ಲ. ಊರಿನ ದಾರಿ ಹಿಡಿಯುವ ಮೊದಲು ಅದನ್ನು ಅಲ್ಲೇ ಬಿಚ್ಚಿಸಿ ನೋಡಬೇಕು.